ಸಾಲಿನ ಎಡತುದಿ

ಕಿಟಕಿ ಗಾಜಿನ ಮೇಲೆ ಒಂದು ಕಪ್ಪು ಕಲೆ, ಅಳಿಸಬೇಕು, ಥೂ, ಇದೊಂದು ಚಾಳಿ, ಎಲ್ಲಿ ಕಲೆ ಕಂಡರೂ ಬೆರಳು ಅಳಿಸುವ ಕೀಲಿ ಹುಡುಕುತ್ತದೆ, ಕೆಳಗೆ ಜೆ.ಪಿ. ನಗರದ ಬಸ್ಸುಗಳ ಹಾರನ್ನು, ಮೇಜಿನ ಮೇಲೆ ಶ್ವೇತಾ ಬೆಳಿಗ್ಗೆ ವಾಪಸು ಕೊಟ್ಟುಹೋದ, ನಾನೇ ಅಚ್ಚಿನಿಂದ ಬ್ರೈಲಿಗಿಳಿಸಿದ ಗಣಿತದ ಪುಸ್ತಕ — ಬಿಟಿಎಂನ ಪೀಜಿಯಿಂದ ಬಿಳಿ ಕೋಲು ಹಿಡಿದು ಅಷ್ಟು ದೂರ ಬಂದು, ತಗೋರಿ ಮಧುಶ್ರೀ ಅಕ್ಕಾ, ಬ್ಯಾರೆ ಯಾರಿಗರ ಕೊಡ್ರಿ, ಭಾನುವಾರದ ಬ್ಯಾಂಕ್ ಪರೀಕ್ಷಾಕ್ಕ ನಾ ಹೋಗೂದಿಲ್ಲ, ಲೆಕ್ಕ ನನ್ನ ತಲಿಗೆ ಹತ್ತೂದಿಲ್ರಿ, ಎಷ್ಟ್ ಸಲ ಮಾಡಿದ್ರೂ ನನಗ ಮೈನಸ್ ಬರ್ತೈತಿ, ಪುಸ್ತಕದಾಗ ಮೈನಸ್ ಇಲ್ಲ — ನಾನು ನಕ್ಕಿದ್ದೆ, ಕೂತ್ಕೋ ಮಾರಾಯ್ತಿ, ಕಾಫಿ ಕುಡಿ ಎಂದಿದ್ದೆ. ಅವಳು ಹೋದ ಮೇಲೆ ಸುಮ್ಮನೆ, ನಿಜಕ್ಕೂ ಸುಮ್ಮನೆ, ಅಚ್ಚಿನ ಪುಸ್ತಕ ತೆಗೆದು ಕೊನೆಯ ಉತ್ತರಗಳನ್ನು ನೋಡಿದೆ. ಮೈನಸ್ ಇದೆ. ಒಂದಲ್ಲ, ಬೇಕಾದಷ್ಟು.

ಹಳೆಯ ಪುಸ್ತಕ ಅದು, ಬೈಂಡಿನ ಅಂಚನ್ನು ಹುಳು ತಿಂದಿತ್ತು, ಬ್ರೈಲಿಗಿಳಿಸಲು ಸ್ಕ್ಯಾನ್ ಮಾಡಿದರೆ ಕಂಪ್ಯೂಟರ್ ಆ ಗುರುತುಗಳನ್ನೆಲ್ಲ ಪುಟ್ಟ ಅಡ್ಡಗೆರೆ ಎಂದು ಓದಿ ಸಾಲುಸಾಲಿನ ಮೊದಲಿಗೂ ಒಂದೊಂದು ಅಂಟಿಸಿತ್ತು, ನಾನು ಒಂದೊಂದೇ ತೆಗೆಯುತ್ತಾ ಕೂತಿದ್ದೆ, ಹಿಂದಿನಿಂದ ನಮ್ಮ ಮೇಲ್ವಿಚಾರಕ ಶಿವರಾಮ್ ಸಾರ್, ಹಿಂಗೆ ಮಾಡಿದ್ರೆ ಯಾವಾಗ್ ಮುಗಿಯುತ್ತೆ ಮೇಡಂ, ಸಾಲಿನ ಮೊದಲಿರೋ ಗೆರೆನೆಲ್ಲ ಒಟ್ಟಿಗೆ ಹಾರಿಸ್‌ಬಿಡಿ — ಹಾರಿಸಿದೆ, ಒಂದೇ ಏಟಿಗೆ, ಪುಟ ಎಷ್ಟು ಚೊಕ್ಕಟವಾಯಿತು ಎಂದು ಹಿಗ್ಗಿದೆ, ಉತ್ತರಗಳೂ ಸಾಲಿನ ಮೊದಲಿಗೇ ಶುರುವಾಗುತ್ತವೆ ಎಂದು ಹೊಳೆಯಲೇ ಇಲ್ಲ, ಹುಳುವಿನ ಜೊತೆ ಮೈನಸ್ಸೂ ಹೋಯಿತು, ಅವಳು ಮಾಡಿದ ಲೆಕ್ಕ ಸರಿಯಾಗಿತ್ತು, ಪ್ರತಿ ಸಲವೂ ಸರಿಯಾಗಿತ್ತು, ದೇವರೇ, ತನ್ನ ತಲೆಯನ್ನು ನಂಬದೆ ನನ್ನ ಪುಸ್ತಕವನ್ನು ನಂಬಿದಳು ಹುಡುಗಿ.

ಶಿವರಾಮ್ ಸಾರ್‌ಗೆ ತೋರಿಸಿದರೆ, ಅದನ್ನೆಲ್ಲ ಅವಳಿಗೆ ಹೇಳೋಕೆ ಹೋಗ್ಬೇಡಿ ಮೇಡಂ, ಸರಿ ಮಾಡಿ ಹೊಸ ಪ್ರತಿ ತೆಗೆಯೋಣ, ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ — ಬರುತ್ತೆ ಸಾರ್, ನಿಮಗೆ ಬರುತ್ತೆ, ಅವಳು ತಾನು ದಡ್ಡಿ ಅಂದುಕೊಂಡೇ ವರ್ಷ ಕಳೆಯಬೇಕಾ, ಹೇಳಿದರೆ ಇನ್ನು ನಮ್ಮ ಯಾವ ಪುಸ್ತಕವನ್ನು ನಂಬುತ್ತಾಳೆ, ಹೇಳದಿದ್ದರೆ, ಭಾನುವಾರ ಇನ್ನೂ ಬಂದಿಲ್ಲ, ಅವಳಿಗೆ ಫೋನು ಮಾಡಿಬಿಟ್ಟಿದ್ದೇನೆ, ಆ ಕಡೆ ರಿಂಗಾಗುತ್ತಿದೆ, ಎತ್ತು ತಾಯಿ, ಬೇಡ ಎತ್ತಬೇಡ, ಇನ್ನೊಂದು ಕೈ ಅವಳ ಪುಸ್ತಕದ ಕೊನೆಯ ಹಾಳೆಗಳನ್ನು ತಿರುವುತ್ತದೆ, ಚುಕ್ಕಿಗಳು ಎದ್ದುನಿಂತ ದಪ್ಪ ಬಿಳಿ ಹಾಳೆ, ಎಡಕ್ಕೆ ಏನೋ ಕಪ್ಪಗೆ, ಬೆರಳಿನ ಜಿಡ್ಡು, ಅಂಕಿಗಳ ಮೇಲಲ್ಲ, ಅಂಕಿಗಳ ಮುಂದೆ, ಏನೂ ಇಲ್ಲದ ಜಾಗದಲ್ಲಿ — ಹಲೋ, ಹೇಳ್ರಿ ಅಕ್ಕಾ — ಶ್ವೇತಾ, ನಿನ್ನ ಉತ್ತರ ಸರಿ ಇತ್ತು ಕಣೇ, ಮೈನಸ್ ಅಳಿಸಿದ್ದು ನಾನು — ಮೆಲ್ಲಗೆ, ಆ ಮೈನಸ್ ಎಷ್ಟ್ ಹುಡುಕೀನಿ ಗೊತ್ತೈತೇನ್ರಿ ಅಕ್ಕಾ — ಗೊತ್ತು, ಕಾಣುತ್ತಿದೆ, ಸಾಲಿನ ಎಡತುದಿಯಲ್ಲಿ ಆ ಕಪ್ಪು ಕಲೆ, ಕೆಳಗಿನ ಸಾಲಿಗೂ, ಅದರ ಕೆಳಗಿನ ಸಾಲಿಗೂ, ಆ ಕಲೆ