ಮಕ್ಸೂದನ ಎಡಗೈ

ಹೆಗ್ಗದ್ದೆಯ ಎಸ್ಟೇಟ್ ಸ್ಟೋರಿನ ಮುಂದೆ ಕಾಫಿ ಮೂಟೆ ಸಮೇತ ತನ್ನದೇ ಪಿಕಪ್ಪಿನಿಂದ ಬಿದ್ದು ಗೆಳೆಯ ಮಕ್ಸೂದ್ ಎಡಗೈ ಮುರಿದುಕೊಂಡಾಗ ರಂಜಾನ್ ಶುರುವಾಗುವುದರಲ್ಲಿತ್ತು. ದೊಡ್ಡಾಸ್ಪತ್ರೆಗೆ ಹೋಗೋಣವೆಂದು ನಾನು ಬಾಯಿ ಬಡಿದುಕೊಂಡೆ. ಕೇಳುವ ಆಸಾಮಿಯೇ ಅಲ್ಲ. ಆಲೂರು ಕಡೆಯ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿಕೊಂಡು ಬಂದ.

ಕಟ್ಟಿದವರದು ತಪ್ಪಿಲ್ಲ. ಬಿದಿರಿನ ದಬ್ಬೆಯಿಟ್ಟು ಬಿಗಿದು, ತಾವು ಹೇಳುವವರೆಗೂ ಬಿಚ್ಚಕೂಡದೆಂದು ಒತ್ತಿ ಹೇಳಿದ್ದರು. ಆದರೆ ನಮಾಜಿಗೆ ಮುಂಚೆ ಮೊಣಕೈವರೆಗೂ ತೊಳೆಯಬೇಕಲ್ಲ. ಉಪವಾಸದ ತಿಂಗಳಲ್ಲಿ ಅರೆಬರೆ ಶುದ್ಧಿ ಬೇಡವೆಂದು ನಮ್ಮ ಮಹಾನುಭಾವ ಐದು ಹೊತ್ತೂ ಕಟ್ಟು ಬಿಚ್ಚಿ, ನೀರು ಸೋಕಿಸಿ, ಹೆಂಡತಿ ಮಸೂದಾಳಿಂದ ಮತ್ತೆ ಕಟ್ಟಿಸಿಕೊಳ್ಳುತ್ತಿದ್ದ. ನನಗೆ ಒಂದು ಮಾತೂ ಹೇಳಲಿಲ್ಲ. ಮಳೆಗಾಲದ ಹೊತ್ತಿಗೆ ನೋವು ಕಡಿಮೆಯಾಗಿತ್ತು, ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಅಂಗೈ ನೆಲದ ಕಡೆಗೇ ನಿಂತುಬಿಟ್ಟಿತು. ಏನು ಮಾಡಿದರೂ ಮೇಲಕ್ಕೆ ಹೊರಳುವುದಿಲ್ಲ.

ಮಸೀದಿಯಲ್ಲಿ ಎಲ್ಲರೂ ಎರಡೂ ಅಂಗೈ ಮೇಲೆ ಮಾಡಿ ದುವಾ ಕೇಳುವಾಗ ಇವನ ಒಂದು ಕೈ ಬೋರಲಾಗಿರುವುದನ್ನು ಕಂಡು ಮೌಲಾನಾ ವಿಚಾರಿಸಿದರಂತೆ. ಕಟ್ಟಿನ ಮೇಲೆ ಒದ್ದೆ ಕೈ ಸವರಿದ್ದರೆ ಸಾಕಿತ್ತು ಅಂದರಂತೆ. ಇದನ್ನು ನನಗೆ ಹೇಳುವಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ನನಗೇ ಸಿಟ್ಟು ತಡೆಯಲಾಗಲಿಲ್ಲ. ಮೊದಲೇ ಕೇಳುವುದಕ್ಕೆ ಏನಾಗಿತ್ತು ಎಂದು ರೇಗಿದೆ.

"ಚಿಕ್ಕಂದಿನಿಂದ ಮಾಡ್ಕೊಂಡ್ ಬಂದಿದ್ದು. ಅದ್ರಾಗೆ ಕೇಳದೇನೈತೆ ಅಂದ್ಕೊಂಡೆ," ಅಂದ.

ಬಲವಂತ ಮಾಡಿ ಹಾಸನಕ್ಕೆ ಕರೆದುಕೊಂಡು ಹೋದೆ. ಮೂಳೆಯನ್ನು ಮತ್ತೆ ಮುರಿದು ಪ್ಲೇಟ್ ಹಾಕಿದರೆ ಕೈ ನೆಟ್ಟಗಾಗುತ್ತದೆ ಎಂದರು ಡಾಕ್ಟರು. ಅಂಗೈ ಮೇಲಕ್ಕೆ ತಿರುಗುತ್ತದಾ ಎಂದಷ್ಟೇ ಕೇಳಿದ ಮಕ್ಸೂದ್. ಬಹಳ ತಡವಾಗಿದೆ, ಅದನ್ನು ಹೇಳಲಾಗದು ಎಂದರು. ಅವನು ತಲೆಯಾಡಿಸಿ ಎಕ್ಸ್‌ರೇ ಕವರು ಎತ್ತಿಕೊಂಡ. ನಾನು ಇನ್ನಷ್ಟು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹೊರಗೆ ಹೋಗಿಬಿಟ್ಟಿದ್ದ.

ವಾಪಸ್ಸು ಬರುವಾಗ ಪಿಕಪ್ ಅವನೇ ಓಡಿಸುತ್ತಿದ್ದ. ಸಕಲೇಶಪುರ ಇನ್ನೇನು ಬಂತು ಅನ್ನುವಾಗ ರಸ್ತೆ ಪಕ್ಕಕ್ಕೆ ಗಾಡಿ ನಿಲ್ಲಿಸಿ, ಸೀಟಿನಲ್ಲಿ ಕೂತೇ ಎರಡೂ ಕೈ ಎತ್ತಿದ. ಬಲಗೈ ಬೇಡುತ್ತಿತ್ತು. ಎಡಗೈ ಬೇಡವೆನ್ನುವ ಹಾಗೆ ಕವುಚಿಕೊಂಡಿತ್ತು. ತುಟಿ ಅಲ್ಲಾಡಲಿಲ್ಲ.

ನನಗೆ ಏನು ತೋಚಿತೋ, ಅವನತ್ತ ಬಾಗಿ ನನ್ನ ಎಡಗೈಯನ್ನು ಅವನ ಬಲಗೈ ಪಕ್ಕಕ್ಕೆ ಚಾಚಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವ ಕೈ ಅದು.

"ಇದನ್ನ ಸೇರಿಸ್ಕೊ ಮಾರಾಯ," ಅಂದೆ.

ಅವನು ನನ್ನ ಅಂಗೈಯನ್ನು ಸುಮ್ಮನೆ ನೋಡಿದ.

"ಅದ್ರಾಗೆ ಆಗ್ಲೇ ನಿನ್ ದೇವ್ರು ಅವ್ನೆ ಕಣೋ ಬಸವರಾಜು. ಜಾಗ ಎಲ್ಲೈತೆ, ಬುಡು."

ಎರಡೂ ಕೈ ಇಳಿಸಿ ಗಾಡಿ ಸ್ಟಾರ್ಟ್ ಮಾಡಿದ. ಎಡಗೈ ಗೇರಿನ ಮೇಲೆ ಸರಿಯಾಗಿಯೇ ಕೂತಿತು.