ಸಹಿತವೋ, ರಹಿತವೋ?

ಐನೂರು ಕರಪತ್ರಕ್ಕೆ ಒಂದೂವರೆ ಸಾವಿರ. ಶಾಮಿಯಾನ, ಕುರ್ಚಿಗೆ ಎರಡು ಸಾವಿರ. ಇಷ್ಟು ಖರ್ಚು ಮಾಡಿ ಚಾಮರಾಜಪೇಟೆಯ ತಮ್ಮ ಬೀದಿಯಲ್ಲಿ ಉಚಿತ ಸಕ್ಕರೆ ಕಾಯಿಲೆ ತಪಾಸಣೆ ಇಡಿಸಿದ್ದರು ಶೀನಣ್ಣ. ಮೂವತ್ತು ವರ್ಷ ಹೆಡ್ ಕ್ಲರ್ಕ್ ಆಗಿದ್ದವರು. ಕರಪತ್ರವನ್ನು ತಾವೇ ಬರೆದಿದ್ದರು.

ಭಾನುವಾರ ಬೆಳಿಗ್ಗೆ ಐವತ್ತು ಜನ ಬಂದು ಕೂತರು. ಶೀನಣ್ಣನವರ ಮುಖ ಅರಳಿತು. ನೋಡಿದರೆ, ಎಲ್ಲರ ತೊಡೆಯ ಮೇಲೂ ತೆರೆದ ಟಿಫನ್ ಡಬ್ಬಿ!

"ಏನಿದು ಶಕುಂತಲಮ್ಮಾ?" ಪಕ್ಕದ ಮನೆಯಾಕೆಯನ್ನು ಕೇಳಿದರು.

"ಇಡ್ಲಿ. ನೀವೇ ತನ್ನಿ ಅಂದ್ರಲ್ಲಾ? ಕಾಯ್ತಾ ಕಾಯ್ತಾ ನಾಲ್ಕು ತಿಂದೆ. ಚಟ್ನಿ ಚೆನ್ನಾಗಿದೆ, ತಗೊಳ್ಳಿ."

"ಅಯ್ಯೋ, ಬರಿ ಹೊಟ್ಟೇಲಿ ಬರಬೇಕಿತ್ತು! ಕರಪತ್ರ ಓದ್ಲಿಲ್ವಾ?"

"ಓದಿದೆ. 'ಉಪಾಹಾರ ಸಹಿತರಾಗಿ' ಅಂತಿತ್ತು."

"ಸಹಿತ ಅಲ್ಲ, ರಹಿತ!"

ಪರೀಕ್ಷೆ ಮಾಡಲು ಬಂದ ನರ್ಸ್ ಮಹಾನಂದ ಕರಪತ್ರ ಇಸಿದುಕೊಂಡರು. ಮೇಲೆ ಬೀದಿಯ ಸಮಿತಿಯವರ ಇಪ್ಪತ್ಮೂರು ಹೆಸರು, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ. ಕೆಳಗೆ ಮೂಲೆಯಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ: 'ತಪಾಸಣಾರ್ಥಿಗಳು ಉಪಾಹಾರರಹಿತರಾಗಿ ಆಗಮಿಸತಕ್ಕದ್ದೆಂದು ಈ ಮೂಲಕ ಕೋರಲಾಗಿದೆ.'

"ಸಾರ್, ದಿನಾ ಸೂಜಿ ಚುಚ್ಚೋ ನನಗೇ ಈ ಅಕ್ಷರ ಕಣ್ಣಿಗೆ ಚುಚ್ತಿದೆ," ಎಂದರು ಮಹಾನಂದ. "ಇವತ್ತು ಯಾರಿಗೂ ಪರೀಕ್ಷೆ ಆಗಲ್ಲ. ಇನ್ನೊಂದೇ ಭಾನುವಾರ ಬರೋಕಾಗೋದು ನನಗೆ."

"ಗೌರವವಾಗಿ ಬರೀಬೇಡವೇನಮ್ಮಾ?"

"ಬರೀರಿ ಸಾರ್. ಆದ್ರೆ ಗೌರವ ಓದೋರಿಗೆ ಕೊಡಿ. ಶಕುಂತಲಮ್ಮೋರ ಬಾಗಿಲಲ್ಲಿ ನಿಂತು ಹೇಳೋದಾದ್ರೆ ಏನಂತೀರಿ?"

"ಏನೂ ತಿನ್ಬೇಡಿ, ಹಾಗೇ ಬನ್ನಿ. ನೀರು ಕುಡೀಬಹುದು."

"ಅದನ್ನೇ ಬರೀರಿ. ಮೊದಲನೇ ಸಾಲು, ದೊಡ್ಡ ಅಕ್ಷರ."

"ಕಾಫಿ?" ಎಂದರು ಶಕುಂತಲಮ್ಮ.

"ಕಾಫೀನೂ ಬೇಡ," ಎಂದರು ಮಹಾನಂದ.

"ಹಾಗಾದ್ರೆ ಅದನ್ನೂ ಬರೀರಿ. ಈ ಬೀದೀಲಿ ಕಾಫೀನ ಯಾರೂ ತಿಂಡಿ ಅಂದ್ಕೊಳ್ಳಲ್ಲ!"

ಶೀನಣ್ಣ ಪೆನ್ನು ತೆಗೆದು ಹೆಸರುಗಳನ್ನು ಹೊಡೆದುಹಾಕತೊಡಗಿದರು. ಇಪ್ಪತ್ತೆರಡು ಸಲೀಸಾಗಿ ಹೋದವು. ತಮ್ಮದರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅದೂ ಹೋಯಿತು. ಹೊಸ ಕರಪತ್ರ ಶಕುಂತಲಮ್ಮನಿಗೆ ಕನ್ನಡಕವಿಲ್ಲದೆ ಅರ್ಥವಾದ ಮೇಲೆಯೇ ಅಚ್ಚಿಗೆ ಹೋದದ್ದು.

ನೀವೂ ನಾಳೆ ಒಂದು ನೋಟಿಸು ಬರೆಯಬೇಕಾಗಬಹುದು. ಜನ ಏನು ಮಾಡಬೇಕೋ ಅದನ್ನು ಮೊದಲು ಬರೆಯಿರಿ. ಬಾಯಲ್ಲಿ ಹೇಳುವಷ್ಟು ಚಿಕ್ಕದಾಗಿ ಬರೆಯಿರಿ. ಅಚ್ಚು ಹಾಕಿಸುವ ಮುಂಚೆ ಪಕ್ಕದ ಮನೆಯವರಿಗೆ ಓದಲು ಕೊಟ್ಟು, ಅವರಿಗೆ ಏನು ತಿಳಿಯಿತೆಂದು ಕೇಳಿ.

ಮುಂದಿನ ಭಾನುವಾರ ಅರವತ್ತು ಜನ ಬರಿ ಹೊಟ್ಟೆಯಲ್ಲಿ ಬಂದರು. ಐದು ಜನಕ್ಕೆ ಸಕ್ಕರೆ ಹೆಚ್ಚಿರುವುದು ಗೊತ್ತಾಯಿತು. ಐದನೆಯವರು ಶೀನಣ್ಣ.