ಇಂಚರಾ ನೋಡಿದ ಇಟಲಿ

ಅಮೆರಿಕದ ಕ್ಯುಪರ್ಟಿನೋದ ಕನ್ನಡದವರಿಗೆ ಪಾಸ್‌ಪೋರ್ಟಿನದೋ ವೀಸಾದ್ದೋ ಏನೇ ತೊಡಕು ಬಂದರೂ ಮೊದಲು ನೆನಪಾಗುತ್ತಿದ್ದವನು ನಾಗಾರ್ಜುನ. ಫೋಟೋದಲ್ಲಿ ಕಿವಿ ಎಷ್ಟು ಕಾಣಬೇಕು, ಅಮ್ಮನನ್ನು ವೀಸಾ ಸಂದರ್ಶನಕ್ಕೆ ಕಳಿಸುವಾಗ ಏನು ಹೇಳಿಕೊಟ್ಟು ಕಳಿಸಬೇಕು, ಎಲ್ಲಕ್ಕೂ ಅವನ ಹತ್ತಿರ ಉತ್ತರವಿತ್ತು. ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಅವನು ಹದಿನಾಲ್ಕು ಅಂಶಗಳ ಒಂದು ಪಟ್ಟಿಯನ್ನೇ ಬರೆದು ಹಾಕಿದ್ದ. ಹೊಸಬರು ಯಾರಾದರೂ ಏನಾದರೂ ಕೇಳಿದರೆ, 'ಮೊದಲು ಪಟ್ಟಿ ಓದಿ' ಎಂದು ಹಳಬರು ಗದರುತ್ತಿದ್ದರು. ಇಂಥವನ ಸ್ವಂತ ಮಗಳ ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ತಿಂಗಳಾಗಿದೆ ಎಂಬುದು ಗೊತ್ತಾದದ್ದು ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಕೌಂಟರಿನ ಮುಂದೆ, ರೋಮಿಗೆ ಹೋಗುವ ವಿಮಾನಕ್ಕೆ ಇನ್ನು ಎರಡೂವರೆ ಗಂಟೆ ಇದ್ದಾಗ.

ಆದದ್ದಿಷ್ಟು. ನಾಗಾರ್ಜುನ, ಅವನ ಹೆಂಡತಿ ಇಂದು, ಮೈಸೂರಿನಿಂದ ಬಂದಿದ್ದ ಅವನ ತಾಯಿ ವೇದವತಿ, ಈ ಮೂವರದ್ದೂ ಭಾರತದ ಪಾಸ್‌ಪೋರ್ಟು. ಅವರಿಗೆ ಇಟಲಿಯ ವೀಸಾ ಬೇಕಿತ್ತು. ಚಳಿಗಾಲದಿಂದಲೂ ಮನೆಯಲ್ಲಿ ಅದೇ ಜಪ. ಆಫೀಸಿನ ಪತ್ರ, ಬ್ಯಾಂಕಿನ ಪತ್ರ, ಹೋಟೆಲಿನ ಪತ್ರ ಎಂದು ಇಂದು ಒಂದು ದಪ್ಪ ಫೈಲನ್ನು ಎದೆಗವಚಿಕೊಂಡು ಓಡಾಡಿದ್ದಳು. ಮಕ್ಕಳು, ಎಂಟು ವರ್ಷದ ಸುಘೋಷ್ ಮತ್ತು ಐದು ವರ್ಷದ ಇಂಚರಾ, ಇಲ್ಲೇ ಹುಟ್ಟಿದ ಅಮೆರಿಕನ್ನರು. ಅವರಿಗೆ ವೀಸಾ ಬೇಡ. ಬೇಡವೆಂದ ಮೇಲೆ ಅವರ ನೀಲಿ ಪುಸ್ತಕಗಳನ್ನು ಬಿಚ್ಚಿ ನೋಡುವ ಅಗತ್ಯವಾದರೂ ಏನು? ನಾಗಾರ್ಜುನ ಅವೆರಡನ್ನೂ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದ. ದೊಡ್ಡವರ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಯಸ್ಸು, ಮಕ್ಕಳದಕ್ಕೆ ಐದೇ ವರ್ಷ. ಇದು ಅವನ ಪಟ್ಟಿಯ ಎರಡನೆಯ ಅಂಶ.

ಇಂಚರಾಳದ್ದು ಅವಳ ನಾಮಕರಣಕ್ಕೆ ಮೈಸೂರಿಗೆ ಹೋಗುವಾಗ ಮಾಡಿಸಿದ ಪಾಸ್‌ಪೋರ್ಟು. ಒಳಗಿನ ಫೋಟೋದಲ್ಲಿ ಬೋಳುತಲೆಯ, ಕಣ್ಣು ಅರ್ಧ ಮುಚ್ಚಿದ ಎರಡು ತಿಂಗಳ ಕೂಸು. ಕೌಂಟರಿನ ಹುಡುಗಿ ಅದನ್ನು ನೋಡಿ ಮುದ್ದಾಗಿ ನಕ್ಕಳು. ಆಮೇಲೆ ತಾರೀಖು ನೋಡಿದಳು. ಆಮೇಲೆ ನಗಲಿಲ್ಲ.

"ಏನೇ ಇದು?" ನಾಗಾರ್ಜುನ ಹೆಂಡತಿಯ ಮೇಲೆ ತಿರುಗಿಬಿದ್ದ. "ಆರು ತಿಂಗಳಿಂದ ಫೈಲ್ ಹಿಡ್ಕೊಂಡು ಮೆರೀತಿದ್ದೆ. ಇದೊಂದು ನೋಡಕ್ಕಾಗ್ಲಿಲ್ವಾ ನಿಂಗೆ?"

"ಮಕ್ಕಳದ್ದು ನಿಮ್ಮ ಬೀರುನಲ್ಲಿತ್ತಲ್ಲ ರೀ."

"ಬೀರು ನಂದು. ಮಗಳು ಯಾರ್ದು?"

ವೇದವತಿಯವರು ಆಗಲೇ ಗಾಲಿಕುರ್ಚಿಯಲ್ಲಿ ಕೂತಾಗಿತ್ತು. ಅದನ್ನು ತಳ್ಳುವವನು ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. "ನಂಗೇನಪ್ಪ, ನಾನು ವಾಪಸ್ ಮನೆಗೆ ಬಂದುಬಿಡ್ತೀನಿ," ಎಂದು ಅವರು ಸೆರಗು ಸರಿಮಾಡಿಕೊಂಡರು. "ಈ ಮಂಡಿ ಇಟ್ಕೊಂಡು ಇನ್ನೊಂದ್ಸಲ ಹೊರಡೋದಂತೂ ಸುಳ್ಳು. ಮಗೂಗೇನು, ಅದಕ್ಕಿನ್ನೂ ಬೇಕಾದಷ್ಟು ಕಾಲ ಇದೆ." ವಾಪಸ್ ಹೋಗುತ್ತೇನೆಂದವರು ಕುರ್ಚಿಯಿಂದ ಏಳಲಿಲ್ಲ.

ನಾಗಾರ್ಜುನ ಐದು ನಿಮಿಷ ಆಚೆ ಹೋಗಿ ನಿಂತ. ಬರುವಾಗ ತೀರ್ಮಾನ ಸಿದ್ಧವಾಗಿತ್ತು. ಅವನು, ಅಮ್ಮ, ಸುಘೋಷ್ ಈಗ ಹೊರಡುವುದು. ಹೆಂಡತಿ ಸೋಮವಾರ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಪಾಸ್‌ಪೋರ್ಟ್ ಆಫೀಸಿಗೆ ಹೋಗಿ ತುರ್ತಾಗಿ ಹೊಸದು ಮಾಡಿಸಿಕೊಂಡು, ಮಂಗಳವಾರ ಮಗಳ ಜೊತೆ ಹೊರಟು ಬರುವುದು. "ಒಂದೇ ದಿನದಲ್ಲಿ ಕೊಡ್ತಾರೆ. ಏನಿಲ್ಲ, ಸಿಂಪಲ್ಲು," ಎಂದ. ಪಾಸ್‌ಪೋರ್ಟಿನ ವಿಷಯದಲ್ಲಿ ಅವನ ಮಾತಿಗೆ ಎದುರು ಮಾತಿಲ್ಲವಲ್ಲ. ಇಂದು ನಂಬಿದಳು.

ಇನ್ನೊಂದು ಕೆಲಸ ಉಳಿದಿತ್ತು. ಇಂಚರಾ ತಾನೇ ಎಳೆದುಕೊಂಡು ಬಂದಿದ್ದ ಗುಲಾಬಿ ಬಣ್ಣದ ಟ್ರಾಲಿಯಲ್ಲಿ ಅವಳ ಫ್ರಾಕುಗಳ ಕೆಳಗೆ ಪುಟ್ಟ ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಎಲ್ಲ ಇದ್ದವು. ವೇದವತಿಯವರಿಗೆ ಪರದೇಶದ ಊಟ ಸೇರುವುದಿಲ್ಲ. ನಾಗಾರ್ಜುನ ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತು ಟ್ರಾಲಿ ಬಿಚ್ಚಿದ. ಫ್ರಾಕುಗಳನ್ನು, ಚಡ್ಡಿಗಳನ್ನು, ಒಂದು ಬಟ್ಟೆಯ ಮೊಲವನ್ನು ಎತ್ತಿ ಇಂದುವಿನ ಮಡಿಲಿಗೆ ಹಾಕಿ, ಕುಕ್ಕರಿನ ಸಮೇತ ಟ್ರಾಲಿಯ ಜಿಪ್ ಎಳೆದು ಎದ್ದ.

"ದಟ್ಸ್ ಮೈನ್," ಎಂದಳು ಇಂಚರಾ.

"ಹೇಗಿದ್ರೂ ಮಂಗಳವಾರ ಬರ್ತೀಯಲ್ಲ ಪುಟ್ಟಿ," ಎಂದು ಅಪ್ಪ ಅವಳ ಕೆನ್ನೆ ತಟ್ಟಿದ. ಸುಘೋಷ್ ತಿರುಗಿಯೂ ನೋಡದೆ ಅಜ್ಜಿಯ ಕುರ್ಚಿಯ ಹಿಂದೆ ಓಡಿದ. ತಾಯಿ ಮಗಳು ಗ್ರೋಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಮನೆಗೆ ಬಂದರು.

ಸೋಮವಾರ ಪಾಸ್‌ಪೋರ್ಟ್ ಆಫೀಸಿನ ಕಿಟಕಿಯ ಹಿಂದಿದ್ದ ಹೆಂಗಸು ಸಭ್ಯಳೇ. ಕಾಗದವನ್ನೆಲ್ಲ ನೋಡಿ, ಮಗುವಿಗೆ ಒಂದು ಸ್ಟಿಕ್ಕರ್ ಕೊಟ್ಟು, ತಂದೆ ಎಲ್ಲಿ ಎಂದು ಕೇಳಿದಳು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಎದುರಿಗೆ ನಿಂತು ಪ್ರಮಾಣ ಮಾಡಬೇಕು. ಬರಲಾಗದಿದ್ದರೆ ನೋಟರಿಯ ಮುಂದೆ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಇಲ್ಲದಿದ್ದರೆ ಇಲ್ಲ.

ಇಂದುವಿಗೆ ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಸುಘೋಷನದನ್ನು ನವೀಕರಿಸಿದಾಗ ಇಬ್ಬರೂ ಇಂಥದೇ ಕಿಟಕಿಯ ಮುಂದೆ ಬಲಗೈ ಎತ್ತಿ ನಿಂತಿದ್ದರು. ಒಂದು ಸಹಿಗೆ ಅರ್ಧ ದಿನ ರಜೆ ಹಾಳಾಯಿತೆಂದು ನಾಗಾರ್ಜುನ ಫ್ರೀವೇ ಉದ್ದಕ್ಕೂ ಗೊಣಗಿದ್ದ. ಆದರೂ ಅವನು ಮರೆತಿರಬಹುದೇನೋ ಎಂದು ಅವಳು ಫೋನು ತೆಗೆದು ಬಳಗದ ಗುಂಪಿನಲ್ಲಿ ಅವನ ಪಟ್ಟಿ ಹುಡುಕಿದಳು. ನಾಲ್ಕನೆಯ ಅಂಶ: 'ಹದಿನಾರು ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರೂ ಬರಲೇಬೇಕು. ಒಬ್ಬರೇ ಹೋಗಿ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬರಬೇಡಿ.' ಮುಂದೆ ಒಂದು ನಗುವ ಮುಖ.

ಪೆಚ್ಚುಮೋರೆ ಹಾಕಿಕೊಂಡು ಅವಳು ಆಚೆ ಬಂದು, ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು. ರೋಮಿನಲ್ಲಿ ಆಗ ಸಂಜೆ. ತಟ್ಟೆ ಚಮಚಗಳ ಸದ್ದು ಕೇಳಿಸುತ್ತಿತ್ತು.

"ನಿಮಗೆ ಗೊತ್ತಿತ್ತು," ಎಂದಳು.

"ಏನು? ಓ... ಅದಾ. ಆ ಟೆನ್ಶನ್ನಲ್ಲಿ ಹೊಳೀಲಿಲ್ಲ ಕಣೇ."

"ಇರ್ಲಿ ಬಿಡಿ. ರೋಮ್‌ನಲ್ಲೇ ಅಮೆರಿಕನ್ ಎಂಬಸಿ ಇದೆ. ಅಲ್ಲಿ ಸೈನ್ ಮಾಡಿ ಕೊರಿಯರ್ ಮಾಡಿದ್ರೆ ಸಾಕು. ಬುಧವಾರ ಬೆಳಿಗ್ಗೆ ಸ್ಲಾಟ್ ಖಾಲಿ ಇದೆ, ನಾನೇ ಬುಕ್ ಮಾಡ್ತೀನಿ. ಕೊನೇ ನಾಲ್ಕು ದಿನಕ್ಕಾದ್ರೂ ನಾವು ಬರ್ತೀವಿ."

"ಬುಧವಾರ ವೆನಿಸ್ ಟ್ರೈನು."

"ಮಧ್ಯಾಹ್ನದ ಟ್ರೈನಿಗೆ ಹೋಗಿ."

"ಅಮ್ಮನ್ನ, ಸುಘೋಷ್‌ನ ಹೋಟೆಲಲ್ಲಿ ಬಿಟ್ಟು ನಾನು ಆಫೀಸ್ ಆಫೀಸ್ ಅಲೀಲಾ? ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡು ಇಂದು. ಐದು ವರ್ಷದ ಮಗು, ಅದಕ್ಕೇನು ನೆನಪಿರುತ್ತೆ?"

ಇಂಚರಾ ಫೋನು ಬೇಕೆಂದು ಕೈಚಾಚಿದಳು. ಆ ಕಡೆ ಸುಘೋಷ್ ಬಂದ. ಐಸ್‌ಕ್ರೀಮಿನ ವರದಿ ಒಪ್ಪಿಸಿ, ಕೊನೆಗೆ ಒಳ್ಳೆಯ ಸುದ್ದಿಯೆಂಬಂತೆ ಹೇಳಿದ: "ಅಪ್ಪ ಸೇಸ್ ಇಟ್ಸ್ ಸೋ ಮಚ್ ಈಸಿಯರ್ ವಿತ್ ತ್ರೀ ಪೀಪಲ್." ಇಂಚರಾ ಬೆರಳು ಮಡಚಿ ಎಣಿಸಿದಳು. ಅಪ್ಪ, ಅಜ್ಜಿ, ಅಣ್ಣ. ಸರಿಯಾಗಿ ಮೂರೇ ಆಯಿತು.

ಫೋನಿಡುವ ಮುಂಚೆ ನಾಗಾರ್ಜುನ ಒಂದು ಮಾತು ಹೇಳಿದ. "ಯಾರಿಗೂ ಹೇಳ್ಬೇಡ. ನನ್ನ ಮಗಳ ಪಾಸ್‌ಪೋರ್ಟೇ ಹಿಂಗಾಯ್ತು ಅಂತ ಗೊತ್ತಾದ್ರೆ ಬಳಗದಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ? ನಾವು ಬರೋವರ್ಗೂ ಮನೆ ಕಡೆ ಯಾರೂ ಬರದ ಹಾಗೆ ನೋಡ್ಕೋ."

ಹೀಗೆ ಇಟಲಿ ಪ್ರವಾಸ ಎರಡು ಕಡೆ ನಡೆಯಿತು. ಮೂವರು ರೋಮು, ಫ್ಲಾರೆನ್ಸು, ವೆನಿಸು ಎಂದು ಸುತ್ತಿದರು. ಇಬ್ಬರು ಕ್ಯುಪರ್ಟಿನೋದ ಮನೆಯಲ್ಲಿ ಕಿಟಕಿಯ ಪರದೆ ಇಳಿಸಿಕೊಂಡು ಕೂತರು. ಬೀದಿಯಲ್ಲಿ ಎಲ್ಲಿ ನೋಡಿದರೂ ಪರಿಚಯದವರೇ. ಅಂಗಡಿಗೆ ಹೋದರೆ ಕೊತ್ತಂಬರಿಸೊಪ್ಪಿನ ಮುಂದೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಹಾಲು ತರಕಾರಿಗೆ ಇಂದು ಒಂದು ಗಂಟೆ ಕಾರು ಓಡಿಸಿಕೊಂಡು ಪರಿಚಯದವರಿಲ್ಲದ ಓಕ್ಲ್ಯಾಂಡಿಗೆ ಹೋಗುತ್ತಿದ್ದಳು. ಅಲ್ಲಿನ ಬಂದರಿನ ದೊಡ್ಡ ಕ್ರೇನುಗಳು ಕಾಣಿಸುವವರೆಗೆ ಇಂಚರಾ ಹಿಂದಿನ ಸೀಟಿನಲ್ಲಿ ತಲೆಯ ಮೇಲೆ ಶಾಲು ಹೊದ್ದು ಕೂರಬೇಕು. "ಕಣ್ಮುಚ್ಕೊಂಡು ಮಲಗಿರೋ ಹಾಗೆ ಮಾಡು," ಎನ್ನುತ್ತಿದ್ದಳು ಇಂದು. ಮಗು ಮಾಡುತ್ತಿತ್ತು. ಎರಡು ಸಲ ಶಾಲಿನೊಳಗಿಂದ ಅಳು ಕೇಳಿಸಿತು. ಎರಡು ಸಲವೂ ಇಂದು ರೇಡಿಯೋದ ಸದ್ದು ಹೆಚ್ಚಿಸಿದಳು.

ದಿನಾ ಸಂಜೆ ಗುಂಪಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ವಾಲುಗೋಪುರದ ಮುಂದೆ ರೇಷ್ಮೆ ಸೀರೆಯ ವೇದವತಿ, ದೋಣಿಯಲ್ಲಿ ಸುಘೋಷ್, ಇಬ್ಬರನ್ನೂ ತಬ್ಬಿಕೊಂಡ ನಾಗಾರ್ಜುನ. ಫೋಟೋದಲ್ಲಿ ನಾಗಾರ್ಜುನನ ಹೆಂಡತಿ ಯಾಕಿಲ್ಲ ಎಂದು ಪಕ್ಕದ ಊರು ಸರಟೋಗಾದ ಚೆಲುವರಾಜು ಕೇಳಿದರು. ಅವರು ಬಳಗದ ಅಧ್ಯಕ್ಷರು, ವಿಚಾರಿಸುವುದು ಅವರ ಕರ್ತವ್ಯ. ನಾಗಾರ್ಜುನ ಉತ್ತರ ಬರೆದ: 'ಫೋಟೋ ತೆಗೀತಿರೋಳು ಅವಳೇ ಸಾರ್!' ಪುಟ್ಟಿ ಎಲ್ಲಿ? 'ಸ್ಟ್ರಾಲರ್‌ನಲ್ಲಿ ನಿದ್ದೆ.'

ಅಲ್ಲಿಂದ ಹೊಗಳಿಕೆ ಶುರುವಾಯಿತು. 'ಇಂದು ಅವ್ರೇ, ಏನ್ ಕೈಚಳಕ!' 'ಆ ಬೆಳಕು ಹೇಗೆ ಹಿಡಿದ್ರಿ?' ಮೊದಲ ದಿನ ಅವಳು ಫೋನನ್ನು ಸೋಫಾದ ಮೇಲೆ ಎಸೆದಳು. ಎರಡನೆಯ ದಿನ ಇನ್ನೊಮ್ಮೆ ಓದಿದಳು. ಮೂರನೆಯ ದಿನ ಕೈಮುಗಿಯುವ ಚಿತ್ರ ಹಾಕಿ, 'ಥ್ಯಾಂಕ್ಸ್, ಎಲ್ಲಾ ನಿಮ್ಮ ಪ್ರೀತಿ' ಎಂದು ಬರೆದಳು. ಹನ್ನೆರಡು ವರ್ಷ ಈ ಊರಿನಲ್ಲಿದ್ದರೂ ಅವಳನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಗಂಡನ ಮೇಲೆ ಅವಳಿಗಿದ್ದ ಸಿಟ್ಟು ನಿಜ; ಅದರ ಕೆಳಗೆ ಈ ಸುಖವೂ ನಿಜ. ಎರಡನ್ನೂ ಒಟ್ಟಿಗೆ ಹೊರಲಾಗದೆ ಅವಳು ಎರಡನ್ನೂ ಮಗಳ ಮೇಲೆ ಹೇರಿದಳು.

"ಎಲ್ಲಾರೂ ಕೇಳ್ತಾರೆ. ರೋಮ್‌ನಲ್ಲಿ ಏನ್ ನೋಡ್ದೆ?"

"ಐ ಡಿಡಿಂಟ್ ಗೋ."

"ಇವತ್ತು ಕಾರ್ಟೂನ್ ಇಲ್ಲ. ಮತ್ತೆ ಹೇಳು, ಏನ್ ನೋಡ್ದೆ?"

ನಾಲ್ಕು ದಿನ ಕಾರ್ಟೂನು ತಪ್ಪಿದ ಮೇಲೆ ಇಂಚರಾ ಕಲಿತಳು. ಕನ್ನಡದಲ್ಲೇ ಹೇಳಬೇಕೆಂದು ಇಂದು ಅದನ್ನೂ ತಿದ್ದಿದಳು. ಕನ್ನಡದಲ್ಲಿ ಹೇಳಿದರೆ ಜನ ಮಗು ಕನ್ನಡ ಮಾತಾಡಿತೆಂದು ಹಿಗ್ಗುತ್ತಾರೆ, ಮುಂದಕ್ಕೆ ಕೆದಕುವುದಿಲ್ಲ.

ಪ್ರವಾಸದವರು ಮರಳಿದ ವಾರವೇ ಸರಟೋಗಾದಲ್ಲಿ ಚೆಲುವರಾಜು ಅವರ ಮನೆಯ ಹಿತ್ತಿಲಲ್ಲಿ ಮಧ್ಯಾಹ್ನದ ಊಟ. ಒಬ್ಬೊಬ್ಬರು ಒಂದೊಂದು ಅಡಿಗೆ ತರುವುದು. ಇಂದು ಬಿಸಿಬೇಳೆಭಾತ್ ಮಾಡಿಕೊಂಡು ಹೋಗಿದ್ದಳು. ಅವಳು ಬಡಿಸುತ್ತಿದ್ದಾಗ ಪಕ್ಕದಲ್ಲೇ ಚೆಲುವರಾಜು ನಾಗಾರ್ಜುನನನ್ನು ಕೇಳಿದರು: "ಮೊಮ್ಮಗೂದು ಪಾಸ್‌ಪೋರ್ಟ್ ಮಾಡಿಸ್ಬೇಕು ಸಾರ್. ಮಗನಿಗೆ ಮೀಟಿಂಗು. ಸೊಸೆ ಒಬ್ಳೇ ಹೋದ್ರೆ ಆಗುತ್ತಾ?"

"ಅಯ್ಯೋ, ಆಗೋದೇ ಇಲ್ಲ," ನಾಗಾರ್ಜುನ ತಟ್ಟೆಯಿಂದ ತಲೆಯೆತ್ತದೆ ಹೇಳಿದ. "ನಾಲ್ಕನೇ ಪಾಯಿಂಟ್ ಓದಿಲ್ವಾ ನೀವು? ಇಬ್ಬರೂ ಬೇಕೇ ಬೇಕು."

ಇಂದುವಿನ ಸೌಟು ಗಾಳಿಯಲ್ಲಿ ನಿಂತಿತು. ಮಾತು ಬಾಯಿಯವರೆಗೆ ಬಂತು. ಒಂದೇ ಒಂದು ವಾಕ್ಯ ಸಾಕಿತ್ತು. ಹದಿನಾಲ್ಕು ಅಂಶಗಳೂ ಅಲ್ಲೇ ಹಿತ್ತಿಲಿನ ಹುಲ್ಲಿನ ಮೇಲೆ ಬಿದ್ದು ಹೋಗುತ್ತಿದ್ದವು. ಅಷ್ಟರಲ್ಲಿ ಚೆಲುವರಾಜು ಅವಳ ಕಡೆ ತಿರುಗಿದರು. "ಇಂದು ಅವ್ರೇ, ದೀಪಾವಳಿಗೆ ಬಳಗದ ಹಾಲ್‌ನಲ್ಲಿ ನಿಮ್ಮ ಇಟಲಿ ಫೋಟೋಗಳ ಪ್ರದರ್ಶನ ಇಡೋಣ ಅಂತ ಕಮಿಟೀಲಿ ತೀರ್ಮಾನ ಆಗಿದೆ. ಇಲ್ಲ ಅನ್ಬೇಡಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಇಂದು ಬಾಯಲ್ಲಿದ್ದುದನ್ನು ನುಂಗಿದಳು. "ಅಯ್ಯೋ, ಅಷ್ಟೇನಿಲ್ಲ ಸಾರ್," ಎಂದು ನಕ್ಕು ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಚೆಲುವರಾಜು ಇಂಚರಾಳನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದರು. "ಹೇಳು ಪುಟ್ಟಿ, ರೋಮ್‌ನಲ್ಲಿ ಏನ್ ನೋಡ್ದೆ?"

ಇಂಚರಾ ಅಮ್ಮನ ಕಡೆ ನೋಡಿದಳು. "ನಾನು ಮಲಗಿದ್ದೆ."

"ಆಹಾ, ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೆ! ಮತ್ತೆ ವೆನಿಸ್‌ನಲ್ಲಿ? ದೋಣಿ?"

"ನಾನು ಮಲಗಿದ್ದೆ."

"ವಾಲುಗೋಪುರ?"

"ಮಲಗಿದ್ದೆ."

ಹಿತ್ತಿಲಿಗೆ ಹಿತ್ತಿಲೇ ನಕ್ಕಿತು. ಕುಂಭಕರ್ಣನ ತಂಗಿ ಎಂದರು ಯಾರೋ. ವೇದವತಿಯವರು ಕಣ್ಣೊರೆಸಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾಗಾರ್ಜುನ. ಮೇಜಿನ ಮೇಲೆ ಮಗು ಒಂದೊಂದೇ ಮುಖ ನೋಡುತ್ತ ನಿಂತಿತ್ತು. ಎಲ್ಲರೂ ನಗುವಷ್ಟು ಹೊತ್ತು ಅದೂ ಸ್ವಲ್ಪ ನಕ್ಕಿತು.

ಇಳಿಸಿದ ಮೇಲೆ ಇಂಚರಾ ಓಡಿ ಬಂದು ಅಮ್ಮನ ಚೂಡಿದಾರದ ತುದಿ ಹಿಡಿದಳು. "ಡಿಡ್ ಐ ಸೇ ಇಟ್ ರೈಟ್?"

"ಹೂಂ. ಚೆನ್ನಾಗಿ ಹೇಳ್ದೆ. ಇವತ್ತು ಕಾರ್ಟೂನ್ ನೋಡ್ಬಹುದು."

ಮಗು ಸ್ವಲ್ಪ ಯೋಚಿಸಿತು. "ಅಮ್ಮಾ, ನೆಕ್ಸ್ಟ್ ಟೈಮ್ ಕ್ಯಾನ್ ಐ ಬಿ ಅವೇಕ್?"

ಇಂದು ಸುತ್ತ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ಮಗಳ ತೋಳನ್ನು ಬೆರಳಚ್ಚು ಮೂಡುವಷ್ಟು ಬಿಗಿಯಾಗಿ ಹಿಡಿದಳು. "ಶ್. ಮೆಲ್ಲಗೆ ಮಾತಾಡು," ಎಂದಳು. "ಯಾರಾದ್ರೂ ಕೇಳಿಸ್ಕೊಂಡಾರು."